ಒಂದು ಸೀರೆಯನ್ನೂ ಕೊಡದ ಇಂಗ್ಲಿಷರು

ಮಧುಗಿರಿಯಿಂದ ಕೊಡಿಗೇನಹಳ್ಳಿಗೆ ಹೋಗುವ ಬಸ್ಸಿನಲ್ಲಿ, ನಾಳೆ ಪಾಠ ಮಾಡಬೇಕಿದ್ದ ಹಳೆಯ ಇಂಗ್ಲಿಷ್ ಕಾದಂಬರಿ ಓದುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕತೆ ಏನೆಂದು ಕೇಳಿದರು.

"ಗಂಡುಮಕ್ಕಳಿಲ್ಲದ ಮನೆ. ಅಪ್ಪ ಸತ್ತರೆ ಆಸ್ತಿಯೆಲ್ಲ ದೂರದ ದಾಯಾದಿಗೆ. ಹೆಣ್ಣುಮಕ್ಕಳಿಗೆ ಏನೂ ಇಲ್ಲ," ಎಂದೆ.

"ಅಯ್ಯೋ ಪಾಪ, ಒಂದು ಸೀರೇನೂ ಕೊಡ್ಲಿಲ್ವಾ?" ಎನ್ನುತ್ತಾ ಮಡಿಲಲ್ಲಿದ್ದ ಹೊಸ ಸೀರೆ ತೋರಿಸಿದರು. "ಪಾಲು ಬ್ಯಾಡ ಅಂತ ಸೈನ್ ಹಾಕ್ಬುಟ್ಟು ಬತ್ತಾ ಇವ್ನಿ. ನಮ್ಮಣ್ಣ ಅರಿಸಿನ ಕುಂಕುಮ ಇಟ್ಟು ಕೊಟ್ಟ ಕಣಮ್ಮ."

ನನ್ನೊಳಗಿನ ಮೇಡಂ ಎದ್ದು ಕೂತಳು. "ಈಗ ಕಾನೂನಲ್ಲಿ ನಿಮಗೂ ಸಮಪಾಲು ಇದೆ, ಗೊತ್ತಾ?"

"ಗೊತ್ತು ಕಣಮ್ಮ. ನಿಮ್ಮಣ್ಣ ನಿಮ್ಗೆ ಎಷ್ಟು ಎಕ್ರೆ ಕೊಟ್ಟ?"

ನಾನು ಸೆರಗು ಸರಿಮಾಡಿಕೊಂಡು ಮತ್ತೆ ಪುಸ್ತಕ ತೆರೆದೆ. ಅವರು ನನ್ನ ಸೆರಗಿನ ಅಂಚನ್ನು ಮುಟ್ಟಿ ನೋಡಿ ಹೇಳಿದರು: "ನಿಮ್ಮಣ್ಣ ಕೊಡಿಸಿರೋದೂ ಒಳ್ಳೇ ಸೀರೇನೇ ಬುಡಿ."