ಬಲಕ್ಕೆ ತೆರೆಯುವ ಕವರು

ಅಝ್ಹರ್ ಮಸೀದಿಯ ಹಿಂದಿನ ನಮ್ಮ ಗಲ್ಲಿಗೆ ಬಂದು ಬಹೀಗಾಳ ಅಂಗಡಿ ಯಾವುದು ಅಂತ ಕೇಳಿದರೆ, "ಆ ಜಗಳಗಂಟಿಯದಾ?" ಅಂದೇ ದಾರಿ ತೋರಿಸುತ್ತಾರೆ. ಹಾಗೆ ಅನ್ನುವವರಲ್ಲಿ ಅರ್ಧ ಜನ ಅವಳ ಅಂಗಡಿಯಲ್ಲೇ ದಿನಾ ಚಹಾ ಕುಡಿಯುವವರು. ಐವತ್ತೆಂಟು ವರ್ಷದ ಈ ಹೆಂಗಸಿನ ಕಸುಬು ಪುಸ್ತಕಕ್ಕೆ ಚರ್ಮದ ರಟ್ಟು ಕಟ್ಟುವುದು. ಕೈ ಎಷ್ಟು ನಿಧಾನವೋ ಬಾಯಿ ಅಷ್ಟೇ ಚುರುಕು.

ಇದೇ ಕಸುಬಿನವನಾದ ಅವಳಪ್ಪ ದರ್ವೀಶನಿಗೆ ನಾಲ್ಕೂ ಹೆಣ್ಣು. ಮೂವರು ಮದುವೆಯಾಗಿ ಹೋದರು, ಬಹೀಗಾ ಅಂಟಿನ ಪಾತ್ರೆಯ ಪಕ್ಕದಲ್ಲೇ ಉಳಿದಳು. ಕೈಕಸುಬಿನ ಗಟ್ಟಿಗರನ್ನು ನಾವು 'ಉಸ್ತಾ' ಅನ್ನುತ್ತೇವೆ. ಅಪ್ಪ ಸತ್ತ ಮೇಲೆ ಹತ್ತು ವರ್ಷ ದುಡಿದ ಬಳಿಕ ಗಲ್ಲಿಯ ಗಂಡಸರು ಅವಳನ್ನೂ ಹಾಗೆ ಕರೆದರು, ಅದೂ ಒಲ್ಲದ ಬಾಯಲ್ಲಿ. ಅಪ್ಪ ಹೇಳಿಕೊಟ್ಟ ಎರಡು ಮಾತನ್ನು ಅವಳು ಎಂದೂ ಮೀರಿರಲಿಲ್ಲ. ಒಂದು, ಚರ್ಮಕ್ಕೆ ಕತ್ತರಿ ಹಾಕುವ ಮೊದಲು ಎರಡು ಸಲ ಅಳೆಯಬೇಕು. ಇನ್ನೊಂದು, ಪುಸ್ತಕದ ನಾಲಿಗೆ ಕತ್ತರಿಸಬಾರದು. ನಮ್ಮ ಹಳೇ ಕಟ್ಟಿನ ಪುಸ್ತಕಗಳಲ್ಲಿ ಹಿಂದಿನ ರಟ್ಟಿನಿಂದ ಒಂದು ಚರ್ಮದ ಮಡಿಕೆ ಚಾಚಿಕೊಂಡಿರುತ್ತದಲ್ಲ, ಪುಟಗಳ ಅಂಚನ್ನು ಬಳಸಿ ಬಂದು ಮುಂದಿನ ರಟ್ಟಿನ ಅಡಿಗೆ ನುಸುಳಿ ಕೂರುತ್ತದಲ್ಲ, ಅದೇ ನಾಲಿಗೆ. ಪುಟ ಸವೆಯದಂತೆ ಕಾಯುವುದು ಅದು. ಓದಿ ನಿಲ್ಲಿಸಿದ ಜಾಗಕ್ಕೆ ಗುರುತಾಗಿ ಇಡುವುದೂ ಅದನ್ನೇ. ಈಗಿನವರು ಅಡ್ಡ ಬರುತ್ತದೆ ಅಂತ ಅದನ್ನು ಕತ್ತರಿಸಿಕೊಡಿ ಎಂದರೆ ಬಹೀಗಾ ಪುಸ್ತಕವನ್ನೇ ವಾಪಸು ಕೈಗಿಟ್ಟು ಬಾಗಿಲು ತೋರಿಸುತ್ತಿದ್ದಳು.

ಇಷ್ಟು ಪುಸ್ತಕ ಕಟ್ಟಿದವಳು ಒಂದನ್ನೂ ಪೂರ್ತಿ ಓದಿರಲಿಲ್ಲ. ಓದುತ್ತಿದ್ದವರು ಶಫೀಕ್ ಮೇಷ್ಟ್ರು. ಭೂಗೋಳ ಕಲಿಸಿ ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದಾರೆ, ಒಬ್ಬಳೇ ಮಗಳು ರಬಾಬ್ ದೋಹಾದಲ್ಲಿ ನರ್ಸು. ಮೂವತ್ತು ವರ್ಷದಿಂದ ಪ್ರತಿ ಗುರುವಾರ ಮಧ್ಯಾಹ್ನ ಅಂಗಡಿಯ ಬೆತ್ತದ ಕುರ್ಚಿಯಲ್ಲಿ ಕೂತು ಆ ವಾರ ಓದಿದ್ದನ್ನು ಅವಳಿಗೆ ಹೇಳುವರು. ಬಹೀಗಾ ಚರ್ಮ ಕೆರೆಯುತ್ತ ಕೇಳುವಳು. ಅವಳು ಕಂಡ ಸಮುದ್ರ, ಅವಳು ತಿರುಗಿದ ಊರು ಎಲ್ಲ ಅವರ ಬಾಯಿಂದಲೇ.

ಮೇಷ್ಟ್ರ ಕಣ್ಣು ಮಂಜಾದಾಗ ರಬಾಬ್ ಒಂದು ಇ-ರೀಡರ್ ಕಳಿಸಿದಳು. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು, ಅಂಚು ಮುಟ್ಟಿದರೆ ಪುಟ ತಿರುಗುತ್ತದೆ. ಬಹೀಗಾ ಅದಕ್ಕೆ 'ಹಲಗೆ' ಎಂದು ಹೆಸರಿಟ್ಟಳು. ಹಲಗೆಗೊಂದು ಕವರು ಬೇಕು ಅಂತ ಮೇಷ್ಟ್ರು ಪೇಟೆಯ ದೊಡ್ಡ ಅಂಗಡಿಗೆ ಹೋಗಿ ಬಂದ ದಿನ ಮುಖ ಕೆಂಪಾಗಿತ್ತು.

"ಮೂರು ಸಾವಿರದ ಇನ್ನೂರು ಪೌಂಡು, ಉಸ್ತಾ! ಕಂಪನಿಯದೇ ಅಸಲಿ ಕವರಂತೆ. ನನ್ನ ಪಿಂಚಣಿಯ ಅರ್ಧಕ್ಕಿಂತ ಜಾಸ್ತಿ."

"ಇನ್ನೊಂದು ಹಲಗೇನೂ ಒಳಗಿಟ್ಟು ಕೊಡ್ತಾರಾ?"

"ಬರೀ ಕವರು."

"ಚರ್ಮದ್ದಾ?"

"ಚರ್ಮದ ಹಾಗೆ ಕಾಣೋದು."

"ಕಾಣೋದು!" ಬಹೀಗಾ ಮೂಗು ಮುರಿದಳು. "ನಾನೂ ರಾಣಿ ಹಾಗೆ ಕಾಣ್ತೀನಿ, ದೀಪ ಆರಿಸಿದ್ರೆ."

ಎದುರಿನ ಕಟ್ಟೆಯ ಮೇಲೆ ಫೋನಿನ ಕವರು ಮಾರುವ ಸಬ್ರಿ ಅಲ್ಲಿಂದಲೇ ಕೂಗಿದ. "ಮೇಷ್ಟ್ರೇ, ಇಲ್ಲಿ ಬನ್ನಿ! ಇನ್ನೂರ ಎಂಬತ್ತು, ಅದೇ ಅಳತೆ, ಅದೇ ಬಣ್ಣ. ಕಂಪನಿ ಹೆಸರು ಬೇಕಂದ್ರೆ ಅದನ್ನೂ ಒತ್ತಿಕೊಡ್ತೀನಿ."

"ನಿನ್ನ ಕವರು ಎರಡು ತಿಂಗಳಿಗೆ ಸಿಪ್ಪೆ ಬಿಡತ್ತೆ ಕಣೋ, ಬೇಯಿಸಿದ ಟೊಮೆಟೊ ಹಾಗೆ," ಎಂದಳು ಬಹೀಗಾ. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ನಿಮ್ಮ ಪುಸ್ತಕಕ್ಕೆಲ್ಲ ಅಂಗಿ ಹೊಲಿದೋಳು ನಾನು. ಇದಕ್ಕೆ ಬೇರೆಯವರು ಹೊಲೀಬೇಕಾ? ಆರುನೂರ ಐವತ್ತು ಕೊಡಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರತ್ತೆ," ಎಂದಳು.

ಕೆಲಸಕ್ಕೆ ಕೂರುವ ಮೊದಲು ಸಬ್ರಿಯದೊಂದು ಕವರು ಕೊಂಡು ಹರಿದು ನೋಡಿದಳು. ಮುಂದಿನ ರಟ್ಟಿನ ತುದಿಯಲ್ಲಿ, ಬೇಳೆಕಾಳಿನಷ್ಟು ಚಿಕ್ಕ ಆಯಸ್ಕಾಂತ ಅಡಗಿ ಕೂತಿತ್ತು. ಮುಚ್ಚಿದ ರಟ್ಟು ಭದ್ರವಾಗಿ ಕೂರಲಿಕ್ಕೆ ಇರಬೇಕು ಅಂದುಕೊಂಡು ಅದನ್ನೇ ತೆಗೆದು ತನ್ನ ಕವರಿನ ತುದಿಗೂ ಇಟ್ಟಳು. ಆಡಿನ ಚರ್ಮ, ಒಳಗೆ ಹಸಿರು ಬಟ್ಟೆ, ನಡುವೆ ಚಿನ್ನದ ಬಣ್ಣದ ಒಂದು ಬಾದಾಮಿ. ಅರಬ್ಬಿ ಪುಸ್ತಕಕ್ಕೆ ಕೀಲು ಇರುವುದು ಬಲಕ್ಕೆ, ಅವಳ ಕೈ ಕೇಳದೆಯೇ ಬಲಕ್ಕೆ ಇಟ್ಟಿತು. ಹಿಂದಿನಿಂದ ಒಂದು ನಾಲಿಗೆಯನ್ನೂ ಬಿಟ್ಟಿತು. ಹಲಗೆಯ ಎಡ ಅಂಚನ್ನು ಬಳಸಿ ಅದು ಗಾಜಿನ ಮೇಲೆ ಹಾಯಾಗಿ ಒರಗಿ, ಮುಂದಿನ ರಟ್ಟಿನಡಿ ಮಲಗಿತು. ಮೇಷ್ಟ್ರು ಅದನ್ನು ಕೆನ್ನೆಗೆ ಒತ್ತಿಕೊಂಡು ವಾಸನೆ ನೋಡಿದರು. ಅದನ್ನು ಕಂಡು ಇನ್ನೂ ಮೂವರು ಮಾಡಿಸಿಕೊಂಡು ಹೋದರು. ಬಹೀಗಾ ಹೆಮ್ಮೆಯಿಂದ ನೆಲಕ್ಕಿಂತ ಒಂದು ಗೇಣು ಮೇಲೆ ನಡೆದಳು.

ಮುಂದಿನ ಗುರುವಾರಗಳಲ್ಲಿ ಮೇಷ್ಟ್ರು ಹಳೇ ನಾವಿಕನೊಬ್ಬನ ಪ್ರವಾಸದ ಕಥೆ ಹೇಳುತ್ತಿದ್ದರು. ಒಂದು ವಾರ ಹಡಗು ಬಂದರು ಬಿಟ್ಟದ್ದನ್ನು ಹೇಳಿ, ತಟಕ್ಕನೆ ನಿಂತರು.

"ಆಮೇಲೆ?" ಎಂದಳು ಬಹೀಗಾ.

"ಆಮೇಲೆ... ಅವನು ಜೈಲಲ್ಲಿದ್ದಾನೆ."

"ಅದ್ಹೇಗೆ? ಯಾರು ಹಿಡಿದ್ರು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಇನ್ನೊಂದು ವಾರ ಹೇಳಿದ್ದನ್ನೇ ಹೇಳಿದರು. ಮತ್ತೊಂದು ವಾರ ಕನ್ನಡಕವನ್ನೇ ಅಂಗಡಿಯಲ್ಲಿ ಬಿಟ್ಟು ಹೋದರು. ಕಥೆ ಕೇಳಿದರೆ ಮಾತು ಮರೆಸಿ ಅಕ್ಕಿ, ಸಕ್ಕರೆಯ ರೇಟಿಗೆ ಬರುವರು. ಅವರ ಅಣ್ಣ ಕೊನೆಗಾಲದಲ್ಲಿ ಸ್ವಂತ ಹೆಂಡತಿಯನ್ನೇ ಗುರುತಿಸದೆ ಸತ್ತವರು. ಅದು ಗಲ್ಲಿಗೆಲ್ಲ ಗೊತ್ತಿದ್ದ ಮಾತು.

ಆ ದಿನಗಳಲ್ಲೇ ರಬಾಬ್ ದೋಹಾದಿಂದ ಅಂಗಡಿಗೆ ಫೋನು ಮಾಡಿದಳು. "ಆಂಟಿ, ಅಪ್ಪ ಹೇಗಿದ್ದಾರೆ? ನಿಜ ಹೇಳಿ. ನನ್ನ ಹತ್ರ ಏನೂ ಬಾಯಿ ಬಿಡಲ್ಲ."

ಬಹೀಗಾ ಚರ್ಮ ಕೆರೆಯುವುದನ್ನು ನಿಲ್ಲಿಸಿದಳು. "ಮರೀತಾರೆ ಕಣಮ್ಮ. ಓದಿದ್ದು ಒಂದೂ ನಿಲ್ತಾ ಇಲ್ಲ. ಒಬ್ಬರೇ ಇರೋದು ಒಳ್ಳೇದಲ್ಲ, ಕರ್ಕೊಂಡು ಹೋಗು."

ಒಳ್ಳೇದಕ್ಕೇ ಹೇಳಿದ್ದು. ಎಡವಟ್ಟುಗಳಲ್ಲಿ ಮುಕ್ಕಾಲು ಪಾಲು ಒಳ್ಳೇದಕ್ಕೇ ಹೇಳಿದವೇ ಇರುತ್ತವೆ.

ನಾಲ್ಕು ವಾರ ಕಳೆದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಮೇಷ್ಟ್ರು ಅಂಗಡಿಗೆ ಬಂದರು. ಕೂರಲಿಲ್ಲ. ಹಲಗೆಯನ್ನು ಕವರಿನ ಸಮೇತ ಮೇಜಿನ ಮೇಲಿಟ್ಟರು.

"ಶನಿವಾರ ದೋಹಾಕ್ಕೆ ವಿಮಾನ, ಉಸ್ತಾ. ಮನೇನ ಬುಧವಾರ ಬಿಟ್ಟುಕೊಡ್ತೀನಿ. ಮಾಲೀಕನಿಗೆ ಮಾತು ಕೊಟ್ಟಾಗಿದೆ, ಬುಧವಾರ ಸಹಿ. ಇದು ನಿಮಗಿರ್ಲಿ."

"ನಂಗ್ಯಾಕೆ? ಅಲ್ಲಿ ಓದೋದಿಲ್ವಾ?"

"ಓದಿ ಏನು ಮಾಡ್ಲಿ?" ಮೇಷ್ಟ್ರು ಹಲಗೆಯನ್ನು ಅವಳ ಕಡೆಗೆ ತಳ್ಳಿದರು. "ಬೆಳಿಗ್ಗೆ ನಿಲ್ಲಿಸಿದ ಜಾಗ ಮಧ್ಯಾಹ್ನ ಇರಲ್ಲ. ಇಪ್ಪತ್ತು, ಮೂವತ್ತು ಪುಟ ಮುಂದೆ ಹೋಗಿರತ್ತೆ. ನಾನೇ ಓದಿರಬೇಕು ತಾನೇ, ಮನೇಲಿ ಇನ್ಯಾರಿದ್ದಾರೆ? ಒಂದಕ್ಷರ ನೆನಪಿರಲ್ಲ. ಅಣ್ಣನಿಗೂ ಹೀಗೇ ಶುರುವಾಗಿದ್ದು. ನಿನ್ನೆ ಬಾವಿ ಹತ್ರ ಒಂಟೆ ನಿಲ್ಲಿಸಿದ ಪುಟದಲ್ಲಿ ಬಿಟ್ಟಿದ್ದೆ. ಇವತ್ತು ಯಾರದ್ದೋ ಮದುವೆ ನಡೀತಿದೆ."

ಚಹಾ ಬೇಡ ಅಂದು ಹೊರಟುಹೋದರು. ಬೆತ್ತದ ಕುರ್ಚಿ ಖಾಲಿ ಉಳಿಯಿತು. ಬಹೀಗಾ ಅದನ್ನು ನೋಡಲಾರದೆ ಹಲಗೆಯನ್ನು ತೆರೆದಳು. ಮದುವೆಯ ಪುಟ. ವರನ ಕುದುರೆಗೆ ಕೆಂಪು ಜೀನು ಹಾಕಿದ್ದರು ಎಂಬಲ್ಲಿವರೆಗೆ ತಡವರಿಸಿ ಓದಿದಳು. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದ. ಕವರು ಮುಚ್ಚಿ, ನಾಲಿಗೆಯನ್ನು ಒಳಗೆ ಸಿಕ್ಕಿಸಿ, ಅದರ ಮೇಲೆ ಒಂದು ಕಟ್ಟು ರಟ್ಟು ಇಟ್ಟು ಎದ್ದಳು. ಅವನನ್ನು ಸಾಗಹಾಕಿ ಬಂದು ತೆರೆದರೆ ಕುದುರೆ ಇಲ್ಲ, ಜೀನು ಇಲ್ಲ. ಯಾವುದೋ ದ್ವೀಪದಲ್ಲಿ ಉಪ್ಪು ಮಾರುತ್ತಿದ್ದಾರೆ.

ಮರೆವು ನನಗೂ ಹತ್ತಿಕೊಂಡಿತೇ ಅಂತ ಒಂದು ಕ್ಷಣ ಹೆದರಿದಳು. ಆಮೇಲೆ ಮತ್ತೆ ಮುಚ್ಚಿ, ರಟ್ಟು ಹೇರಿ, ನೂರು ಎಣಿಸಿ ತೆರೆದಳು. ಪುಟ ಹನ್ನೊಂದು ಮುಂದೆ ಹೋಗಿತ್ತು. ಹಲಗೆಯನ್ನು ಕವರಿನಿಂದ ಬಿಚ್ಚಿ ಬರಿದೇ ಇಟ್ಟಳು. ನೂರು ಎಣಿಸಿದಳು. ಪುಟ ಕದಲಲಿಲ್ಲ. ಎರಡನ್ನೂ ಎತ್ತಿಕೊಂಡು ಎದುರಿನ ಕಟ್ಟೆಗೆ ನಡೆದಳು.

ಸಬ್ರಿ ಬೀನ್ಸ್ ತುಂಬಿದ ರೊಟ್ಟಿ ಬಾಯಿಗಿಡುತ್ತಿದ್ದವನು, ಅವಳ ಮುಖ ನೋಡಿ ಕೆಳಗಿಟ್ಟ.

"ಇದು ಯಾಕೆ ಹೀಗೆ ಮಾಡತ್ತೆ, ಹೇಳೋ."

ಅವನು ತನ್ನದೊಂದು ಕವರಿಗೆ ಹಲಗೆ ಹಾಕಿ ಮುಚ್ಚಿ, ಸಂದಿಯಿಂದ ತೋರಿಸಿದ. "ನೋಡಿ, ಮುಚ್ಚಿದ ತಕ್ಷಣ ಮಲಗತ್ತೆ. ಮಲಗಿದ ಮೇಲೆ ಮುಟ್ಟಿದ್ರೂ ಎಚ್ಚರ ಆಗಲ್ಲ. ಮಲಗಿಸೋದು ಆ ಆಯಸ್ಕಾಂತ, ಉಸ್ತಾ. ಅದು ಬಲ ಅಂಚಿಗೇ ತಾಗಬೇಕು. ಮೂರು ಸಾವಿರದ ಕವರಲ್ಲೂ ಅದೇ ಕಾಳು, ನನ್ನ ಇನ್ನೂರ ಎಂಬತ್ತರದ್ರಲ್ಲೂ ಅದೇ ಕಾಳು." ಬಹೀಗಾಳ ಕವರನ್ನು ತಿರುಗಿಸಿ ನೋಡಿದ. ಅವನಿಗೆ ನಗು ಬರಬೇಕಿತ್ತು, ಬರಲಿಲ್ಲ. "ನೀವು ಕವರಿನ ಕೀಲನ್ನ ಎಡದಿಂದ ಬಲಕ್ಕೆ ತಂದ್ರಿ. ತುದಿ ಎಡಕ್ಕೆ ಹೋಯ್ತು, ಕಾಳೂ ಅದರ ಜೊತೆ ಹೋಯ್ತು. ಹಲಗೆ ಎಚ್ಚರವಾಗೇ ಇರತ್ತೆ. ಇನ್ನು ಈ ನಾಲಿಗೆ ಎಡ ಅಂಚಿನ ಮೇಲೆ ಕೂತಿದೆ. ಅರಬ್ಬಿ ಪುಸ್ತಕಕ್ಕೆ ಅಲ್ಲಿ ಮುಟ್ಟಿದ್ರೆ ಮುಂದಿನ ಪುಟ. ಸ್ವಲ್ಪ ಅಲುಗಾಡಿದ್ರೂ ಇದೇ ತಿರುಗಿಸ್ತಾ ಹೋಗತ್ತೆ."

ಬಹೀಗಾ ಅಲ್ಲೇ ಕಟ್ಟೆಯ ಮೇಲೆ ಕೂತಳು. ಕೈಕಸುಬಿಗೆ ಮಸಿ ಬಿತ್ತಲ್ಲ ಅಂತ ಉರಿಯಿತು, ನಿಜ. ಅದಕ್ಕಿಂತ ಉರಿದದ್ದು ದೋಹಾಕ್ಕೆ ಹೋದ ಆ ಮಾತು. ಯಾರೂ ಕೇಳದಿದ್ದರೆ ಈ ತಪ್ಪು ಅವಳ ಮತ್ತು ಸಬ್ರಿಯ ನಡುವೆಯೇ ಉಳಿಯುತ್ತಿತ್ತು. ಶನಿವಾರ ವಿಮಾನ ಹಾರುತ್ತಿತ್ತು, ಉಸ್ತಾ ಬಹೀಗಾಳ ಹೆಸರು ಹಾಗೇ ಇರುತ್ತಿತ್ತು. ಈ ಯೋಚನೆ ಅವಳಿಗೆ ಬರಲಿಲ್ಲ ಅಂತ ನಾನು ಹೇಳಲಾರೆ. ಚಹಾ ಆರುವಷ್ಟು ಹೊತ್ತು ಆ ಯೋಚನೆ ಅವಳ ಪಕ್ಕದಲ್ಲೇ ಕೂತಿತ್ತು. ಆಮೇಲೆ ಎದ್ದು, ಹಲಗೆಯನ್ನು ಮತ್ತೆ ಕವರಿಗೆ ಸೇರಿಸಿ, ಕತ್ತರಿಯ ಜೊತೆ ಚೀಲಕ್ಕೆ ಹಾಕಿಕೊಂಡು ಹೊರಟಳು.

ಮೇಷ್ಟ್ರ ಮನೆ ಮೂರನೇ ಮಹಡಿ. ಗೋಡೆಯ ಕಪಾಟುಗಳು ಬರಿದಾಗಿದ್ದವು, ಪುಸ್ತಕಗಳೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿದ್ದವು. ಅವುಗಳ ಬೆನ್ನೆಲ್ಲ ಅವಳದೇ ಕೆಲಸ.

"ಮೇಷ್ಟ್ರೇ, ಕೂತ್ಕೊಳ್ಳಿ. ಮೊದಲು ಪೂರ್ತಿ ಕೇಳಿ, ಆಮೇಲೆ ಬೈಯಿರಿ." ನಿಂತುಕೊಂಡೇ ಎಲ್ಲ ಹೇಳಿದಳು. ಹಲಗೆ ತೆರೆದು ಪುಟ ತೋರಿಸಿ, ಮುಚ್ಚಿ, ನಾಲಿಗೆ ಒತ್ತಿ, ಮತ್ತೆ ತೆರೆದಳು. ಮೇಷ್ಟ್ರು ಬಗ್ಗಿ ನೋಡಿದರು. ತಾವೇ ಮುಚ್ಚಿದರು, ತಾವೇ ತೆರೆದರು. ಮೂರು ಸಲ.

"ನಾನು ಓದಿರ್ಲಿಲ್ಲ," ಎಂದರು. "ಓದೇ ಇರ್ಲಿಲ್ಲ ನಾನು!"

"ಇಲ್ಲ ಮೇಷ್ಟ್ರೇ."

"ಕತ್ತರಿಸಿ ಅದನ್ನ."

ಬಹೀಗಾಳ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಅಪ್ಪನ ಕತ್ತರಿಯಿಂದ, ಚಿನ್ನದ ಗೆರೆ ಎಳೆದ ಆ ನಾಲಿಗೆಯನ್ನು ಬುಡದಿಂದಲೇ ಕತ್ತರಿಸಿದಳು. ಹೊಲಿಗೆ ಬಿಚ್ಚಿ ಆಯಸ್ಕಾಂತದ ಕಾಳನ್ನು ಬಲ ಅಂಚಿಗೆ, ಕೀಲಿನ ಪಕ್ಕಕ್ಕೆ ತಂದಿಟ್ಟಳು. ಮುಚ್ಚಿ ನೂರು ಎಣಿಸಿದಳು. ಬೀದಿಯಲ್ಲಿ ಮೂಲಂಗಿ ಮಾರುವವನು ಕೂಗಿ ಹೋದ. ತೆರೆದರೆ ಪುಟ ಇದ್ದಲ್ಲೇ ಇತ್ತು. ಮೇಷ್ಟ್ರು ಅದರ ಮೊದಲ ಸಾಲನ್ನು ಗಟ್ಟಿಯಾಗಿ ಓದಿ, ಅಲ್ಲೇ ಅತ್ತುಬಿಟ್ಟರು.

ಕಣ್ಣೊರೆಸಿಕೊಂಡು ಫೋನಿಗೆ ಕೈ ಚಾಚಿದರು. "ರಬಾಬ್‌ಗೆ ಹೇಳ್ಬೇಕು. ಅವಳ ತಲೆಗೆ ಈ ಹುಚ್ಚು ತುಂಬಿದವರು ಯಾರೋ ಏನೋ."

"ನಾನು," ಎಂದಳು ಬಹೀಗಾ. "ನಾನೇ ಹೇಳಿದ್ದು, ನೀವು ಮರೀತೀರಿ, ಕರ್ಕೊಂಡು ಹೋಗು ಅಂತ. ಫೋನು ಇಲ್ಲಿ ಕೊಡಿ, ಅವಳಿಗೂ ನಾನೇ ಹೇಳ್ತೀನಿ."

ಹೇಳಿದಳು. ಅವರ ಎದುರಿಗೇ, ಏನೂ ಮುಚ್ಚಿಡದೆ. ಆ ಕಡೆಯಿಂದ ರಬಾಬ್ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಟಿಕೆಟ್ಟು ರದ್ದಾಗುತ್ತದೆ, ಮನೆ ಉಳಿಯುತ್ತದೆ ಎಂದಾಯಿತು. ಬಹೀಗಾ ಫೋನು ಕೆಳಗಿಟ್ಟು ನೋಡಿದರೆ ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿದ್ದರು.

"ಚರ್ಮ ಆದ್ರೆ ಎರಡು ಸಲ ಅಳೀತೀರಿ, ಉಸ್ತಾ," ಎಂದರು. "ನನ್ನನ್ನ ಒಂದೇ ಸಲಕ್ಕೆ ಅಳೆದು ಮುಗಿಸಿಬಿಟ್ರಿ."

ಗುರುವಾರ ಬರುತ್ತೀರಾ ಅಂತ ಕೇಳಲು ಅವಳಿಗೆ ಧೈರ್ಯವಾಗಲಿಲ್ಲ. ನೆಲದ ಮೇಲಿದ್ದ ಚರ್ಮದ ತುಂಡನ್ನು ಎತ್ತಿ ಚೀಲಕ್ಕೆ ಹಾಕಿಕೊಂಡು ಇಳಿದು ಬಂದಳು.

ಅಂಗಡಿಯಲ್ಲಿ ಆರ್ಡರಿನ ಪುಸ್ತಕ ತೆಗೆದಳು. ನಾಲಿಗೆ ಇಟ್ಟು ಕೊಟ್ಟ ಕವರು ಇನ್ನೂ ಮೂರು ಇದ್ದವು. ಒಬ್ಬರು ಸಯ್ಯಿದಾ ಝೈನಬ್ ಬಡಾವಣೆಯ ಮುದುಕಿ, ಒಬ್ಬ ಔಷಧಿ ಅಂಗಡಿಯವನು, ಇನ್ನೊಬ್ಬರು ಶುಬ್ರಾ ಬಡಾವಣೆಯ ನಿವೃತ್ತ ಗುಮಾಸ್ತರು, ಒಂಟಿಯಾಗಿರುವವರು. ಯಾರೂ ದೂರು ಹೇಳಿ ಬಂದಿರಲಿಲ್ಲ. ಇಷ್ಟು ದಿನ ಅದು ಅವಳಿಗೆ ಹೆಮ್ಮೆಯ ವಿಷಯವಾಗಿತ್ತು.

"ಸಬ್ರಿ, ಅಂಗಡಿ ನೋಡ್ಕೋ," ಎಂದು ಕೂಗಿ, ಕತ್ತರಿ ಹಿಡಿದು ಮೊದಲು ಶುಬ್ರಾದ ಬಸ್ಸು ಹತ್ತಿದಳು.