ಎಣ್ಣೆ ಕುಡಿದ ಕಬ್ಬಿಣ

ಹಳೇ ದಾಂಡೇಲಿಯ ಕೋಳಿಗಳು ಇನ್ನೂ ಕೂಗುತ್ತಿವೆ. ಬೆಳಗಿನ ನಮಾಜು ಮುಗಿಸಿ ಬಂದ ಮುಕ್ತಾರ ಮಿಸ್ತ್ರಿ ಟೋಪಿಯನ್ನು ಗೂಟಕ್ಕೆ ಸಿಕ್ಕಿಸಿ, ತೋಳು ಮಡಚಿಕೊಂಡು, ಹಿತ್ತಲಲ್ಲಿ ನಿಂತ ಕಾರಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಾರೆ. ನಮಾಜಿನ ನೆಮ್ಮದಿ ಮುಖದಲ್ಲಿ ಕಾಣುತ್ತಿಲ್ಲ. ಐದಡಿ ಉದ್ದದ ಬಾಗಿದ ಕಬ್ಬಿಣವೊಂದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಸಣ್ಣ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಾರೆ. ಮತ್ತೆ ತಟ್ಟುತ್ತಾರೆ.

"ದನಿ ಸರಿ ಇಲ್ರಿ ಸಾಹೇಬ್ರ."

ನನಗೇನೋ ಚೆನ್ನಾಗಿಯೇ ಕೇಳಿಸಿತು, ಖಣಖಣ ಅಂದಿತಲ್ಲ ಎನ್ನುತ್ತೇನೆ.

"ಅದಕ್ಕ ಅಂಜಿಕಿ ನೋಡ್ರಿ. ಭಾಳ ಖಣಖಣ ಅಂತೈತಿ."

ಸೈಕಲ್ಲಿನ ಚೈನು ಕಳಚಿದರೆ ನಾಲ್ಕು ಜನರನ್ನು ಕೂಗುವವನು ನಾನು. ಹುಬ್ಬಳ್ಳಿಯಿಂದ ಹೊರಟದ್ದು ಇಲ್ಲಿನ ಕಾಗದದ ಕಾರ್ಖಾನೆಯ ಬಗ್ಗೆ ಪತ್ರಿಕೆಗೆ ಬರೆಯಲು. ಚಹದಂಗಡಿಯಲ್ಲಿ ಯಾರೋ ಮನೆಯಲ್ಲೇ ಕಾರು ಮಾಡುವ ಮಿಸ್ತ್ರಿಯ ಸುದ್ದಿ ಎತ್ತಿದರು, ನನ್ನ ಕಾಲು ಈ ಕಡೆ ತಿರುಗಿತು. ಕಾರು ಅನ್ನುವುದಕ್ಕೂ ಸ್ವಲ್ಪ ಧಾರಾಳತನ ಬೇಕು. ಮೈ ಯಾವುದೋ ವಿಲಾಯತಿ ಗಾಡಿಯದು, ಮರದ ನಾಟಾ ಕಂತ್ರಾಟುದಾರರೊಬ್ಬರು ಬಿಟ್ಟುಹೋದದ್ದು. ಎಂಜಿನ್ನು ಯುದ್ಧಕಾಲದ ಜೀಪಿನದು. ಹಿಂದಿನ ಸೀಟು ಬಸ್ಸಿನದು, ಅದರ ಬೆನ್ನ ಮೇಲೆ 'ಉಗುಳಬಾರದು' ಎಂಬ ಬರಹ ಇನ್ನೂ ಅಳಿಸಿಲ್ಲ. ಆರು ವರ್ಷದಿಂದ ದಿನಾ ಬೆಳಗ್ಗೆ ಎರಡೆರಡು ತಾಸು ದುಡಿದು ಮಿಸ್ತ್ರಿ ಇದನ್ನು ಓಡುವಂತೆ ಮಾಡಿದ್ದಾರೆ. ಬಾಕಿ ಇರುವುದು ಬಂಪರ್ ಒಂದೇ. ಕಾರಿನ ಮೂತಿಗೆ ಅಡ್ಡಲಾಗಿ ಕೂತು, ಎದುರಾದದ್ದರ ಮೊದಲ ಏಟು ತಿನ್ನುವ ಕಬ್ಬಿಣ ಅದು.

ಮಿಸ್ತ್ರಿಗೆ ಈಗ ನಲವತ್ತನಾಲ್ಕು. ಹುಟ್ಟಿದ್ದು ಹಳಿಯಾಳದಲ್ಲಿ. ಹನ್ನೆರಡನೆಯ ವಯಸ್ಸಿಗೆ ಲಾರಿಯ ಕೆಳಗೆ ಮಲಗಿದವರು ಇನ್ನೂ ಎದ್ದಿಲ್ಲ ಎಂದು ಹೆಂಡತಿ ನಸೀರಾ ಛೇಡಿಸುತ್ತಾರೆ. ಕಾಡಿನಿಂದ ಮರ ಹೊರುವ ಲಾರಿಗಳು ದಿನಕ್ಕೆ ಎಂಟೊಂಬತ್ತು ಅವರ ಕೈಗೆ ಬರುತ್ತವೆ. ಮಳೆ ಹತ್ತಿರವಾದಾಗ ಹದಿನೈದೂ ಆಗುತ್ತವೆ. ಅವುಗಳಲ್ಲಿ ಎರಡು ಲಾರಿಯದಾದರೂ ಪಾಟಾ ಮುರಿದಿರುತ್ತದೆ. ಚಕ್ರದ ಮೇಲೆ ಒಂದರ ಮೇಲೊಂದು ಪೇರಿಸಿದ ಬಾಗು ಪಟ್ಟಿಗಳಿಗೆ ಇಲ್ಲಿಯವರು ಪಾಟಾ ಎನ್ನುತ್ತಾರೆ. ಹೊಂಡ ಬಂದಾಗ ಬಗ್ಗಿ, ದಾಟಿದ ಮೇಲೆ ಮತ್ತೆ ಮೊದಲಿನಂತಾಗುವುದು ಅವುಗಳ ಕೆಲಸ. ಮಿಸ್ತ್ರಿಯ ಎಡಗೈಯ ಎರಡು ಉಗುರು ಅವುಗಳ ಕೆಳಗೇ ಹೋಗಿವೆ.

"ಲಾರಿ ಕಾಡಿನ್ಯಾಗ ನಿಂತ್ರ ಡ್ರೈವರ್ ನನ್ನ ಹೆಸರ ಹಿಡದು ಬೈತಾನ್ರಿ. ಓಡಿದ್ರ ಯಾರೂ ನೆನಸೂದಿಲ್ಲ. ನೆನಸದಿದ್ರ ಛಲೋ ಅಂತ ತಿಳಕೋತೇನಿ."

ಈಗಿನ ಅವಸರಕ್ಕೆ ಕಾರಣ ಮಗಳು ಬದರುನ್ನಿಸಾ. ಅವಳ ಗಂಡನದು ಕುಂಬಾರವಾಡದಲ್ಲಿ ಸಣ್ಣ ಅಂಗಡಿ. ಚೊಚ್ಚಲು ಬಸಿರು, ಒಂಬತ್ತು ತಿಂಗಳಿಗೆ ಬಿದ್ದಿದೆ. ಏಳರಲ್ಲೇ ತವರಿಗೆ ಕರೆತರಬೇಕಿತ್ತು, ಆಗ ಅವಳ ಅತ್ತೆ ಹಾಸಿಗೆ ಹಿಡಿದಿದ್ದರು. ಈಗ ನೋಡಿದರೆ ಕೂಸು ಹೊಟ್ಟೆಯಲ್ಲಿ ಅಡ್ಡ ಮಲಗಿದೆ ಎಂದು ಅಲ್ಲಿಯ ಸೂಲಗಿತ್ತಿ ಹೇಳಿಕಳಿಸಿದ್ದಾಳೆ. ಮಳೆ ಹಿಡಿಯುವ ಮುಂಚೆ ಆಸ್ಪತ್ರೆಯ ಹತ್ತಿರ ತಂದಿಟ್ಟುಕೊಳ್ಳಿ ಎಂದು ದಾಂಡೇಲಿಯ ಡಾಕ್ಟರು ಎಚ್ಚರಿಸಿದ್ದಾರೆ. ಕುಂಬಾರವಾಡಕ್ಕೆ ಬಸ್ಸು ಮನಸ್ಸು ಬಂದ ದಿನ ಹೋಗುತ್ತದೆ. ಮೇ ತಿಂಗಳು ಮುಗಿಯಲು ನಾಲ್ಕೇ ದಿನ ಇದೆ. ಒಂದು ದೊಡ್ಡ ಮಳೆ ಬಿತ್ತೆಂದರೆ ಹಳ್ಳ ರಸ್ತೆಯ ಮೇಲೇ ಹರಿಯುತ್ತದೆ, ಆಮೇಲೆ ಮಗಳು ಆ ದಂಡೆ, ಇವರು ಈ ದಂಡೆ.

ಹಾಗಿದ್ದರೆ ಬಂಪರ್ ಇಲ್ಲದೆಯೇ ಹೋಗಿ ಕರೆತರಬಹುದಲ್ಲ? ನಾನು ಕೇಳಿದ್ದು ಮಿಸ್ತ್ರಿಯನ್ನು, ಉತ್ತರ ಬಂದದ್ದು ಅಡುಗೆಮನೆಯ ಬಾಗಿಲಿನಿಂದ. ನಸೀರಾ ತಮ್ಮ ಬಲಗೈಯನ್ನು ಮುಂದೆ ಚಾಚುತ್ತಾರೆ. ಮೊಣಕೈಯ ಕೆಳಗೆ ಅದು ಸೊಟ್ಟಗಿದೆ.

ಜನವರಿಯಲ್ಲಿ ಗಂಡ ಹೆಂಡತಿ ಇದೇ ಕಾರಿನಲ್ಲಿ ಮಗಳನ್ನು ನೋಡಲು ಹೊರಟಿದ್ದರಂತೆ. ಜೋಯಿಡಾ ದಾಟಿದ ಮೇಲೆ ಒಂದು ತಿರುವಿನಲ್ಲಿ ಕಾಡುಕೋಣ ಅಡ್ಡ ಬಂತು. ತಪ್ಪಿಸಲು ಹೋಗಿ ಗಾಡಿ ಮತ್ತಿ ಮರಕ್ಕೆ ತಾಗಿತು. ಆಗ ಕಾರಿಗಿದ್ದದ್ದು ಮಿಸ್ತ್ರಿ ಮಾಡಿದ ಮೊದಲ ಬಂಪರ್, ಹಳೆಯ ರೈಲು ಹಳಿಯ ತುಂಡು.

"ಹಳಿ ಬಗ್ಗಲಿಲ್ರಿ," ಎನ್ನುತ್ತಾರೆ ಮಿಸ್ತ್ರಿ, ನೆಲ ನೋಡುತ್ತ. "ಒಂದ ಗೀಟೂ ಬೀಳಲಿಲ್ಲ. ಏಟೆಲ್ಲಾ ಸೀದಾ ಒಳಗ ಬಂತು. ಬಂಪರ್ ಉಳೀತು, ಇಕಿ ಕೈ ಮುರೀತು. ಮೂವತ್ತೆರಡ ವರ್ಷ ಪಾಟಾ ಕಟ್ಟಿದಾಂವ ನಾನು, ಮುಂದಿನ ಕಬ್ಬಿಣ ತಾನು ಬಗ್ಗಬೇಕು ಅನ್ನೂದು ಹೊಳೀಲಿಲ್ಲ ನೋಡ್ರಿ."

"ನಾ ಒಂದ ಮಾತ ಹೇಳೇನ್ರಿ," ಎನ್ನುತ್ತಾರೆ ನಸೀರಾ. "ಬಂಪರ್ ಇಲ್ಲದ ಗಾಡ್ಯಾಗ ನನ್ನ ಮಗಳು ಕೂಡೂದಿಲ್ಲ, ಆ ಹಳಿ ಇದ್ದ ಗಾಡ್ಯಾಗೂ ಕೂಡೂದಿಲ್ಲ. ನನ್ನ ಕೈ ಸೊಟ್ಟಾದ್ರ ರೊಟ್ಟಿ ಸೊಟ್ಟ ಆಗ್ತಾವು, ಅಷ್ಟ. ಅಕಿ ಹೊಟ್ಟ್ಯಾಗ ಜೀವ ಐತಿ."

ಅದಕ್ಕೇ ಈ ಸಲದ ಬಂಪರಿಗೆ ಲಾರಿಯ ಪಾಟಾ. ಒಂದೇ ಅಳತೆಯ ಎರಡು ಉದ್ದ ಪಟ್ಟಿಗಳನ್ನು ಮಿಸ್ತ್ರಿ ಆರಿಸಿ ತಂದಿದ್ದಾರೆ, ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಮುಂದಿನದನ್ನು ಕಾರಿನ ಮೂತಿಗೆ ಹೊಂದುವಂತೆ ಬಾಗಿಸಲು ದೊಡ್ಡ ಕುಲುಮೆ ಬೇಕಿತ್ತು. ತೇರಗಾಂವದ ಕಮ್ಮಾರ ಲಗಮಪ್ಪನವರಿಗೆ ಕೊಟ್ಟು ಬಂದರು. ನಿನ್ನೆ ಸಂಜೆ ಅದು ಮರಳಿ ಬಂದಿದೆ, ಈಗ ಅವರ ತೊಡೆಯ ಮೇಲಿದೆ, ಖಣಖಣ ಅನ್ನುತ್ತಿದೆ.

ಮಿಸ್ತ್ರಿ ಎದ್ದು ಎರಡು ಮರದ ತುಂಡುಗಳ ಮೇಲೆ ಅದರ ಎರಡೂ ತುದಿ ಇಡುತ್ತಾರೆ. ದೊಡ್ಡ ಸುತ್ತಿಗೆ ಎತ್ತುತ್ತಾರೆ. "ಬಗ್ಗಿ ಎದ್ರ ನಮ್ಮದು," ಎನ್ನುತ್ತಾರೆ. ಮೊದಲ ಏಟಿಗೆ ಏನೂ ಆಗುವುದಿಲ್ಲ. ಎರಡನೆಯ ಏಟಿಗೆ ಬಳೆ ಒಡೆದಂತೆ ಕಬ್ಬಿಣ ನಡುವೆಯೇ ಎರಡು ತುಂಡಾಗಿ ಬೀಳುತ್ತದೆ. ಕೋಳಿಗಳು ಚದುರಿ ಓಡುತ್ತವೆ. ನಸೀರಾ ಬಾಗಿಲಿನಿಂದ ನೋಡಿ ಒಳಗೆ ಹೋಗುತ್ತಾರೆ. ಆಕೆ ಬೈದಿದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸುತ್ತದೆ.

ಆ ಬೆಳಗ್ಗೆಯೇ ಹಳಿಯಾಳದ ಕಡೆ ಹೊರಟ ಲಾರಿ ಹತ್ತಿದ್ದೇವೆ. ಗೋಣಿತಾಟಿನಲ್ಲಿ ಮುರಿದ ಎರಡು ತುಂಡು, ಪಕ್ಕದಲ್ಲಿ ಉಳಿದ ಇನ್ನೊಂದು ಪಾಟಾ. ದಾರಿಯುದ್ದಕ್ಕೂ ಮಿಸ್ತ್ರಿ ಪಶ್ಚಿಮದ ಮೋಡ ನೋಡುತ್ತಾರೆ, ನಡುನಡುವೆ ಆ ಪಾಟಾ ಇದೆಯೋ ಇಲ್ಲವೋ ಎಂದು ಕಾಲಿನಿಂದ ಮುಟ್ಟಿ ನೋಡುತ್ತಾರೆ. ಇದೂ ಕೆಟ್ಟರೆ ಈ ಅಳತೆಯದು ಮತ್ತೊಂದಿಲ್ಲ.

ಲಗಮಪ್ಪ ಅರವತ್ತು ದಾಟಿದ ಆಸಾಮಿ. ಈ ಸೀಮೆಯಲ್ಲಿ ಮರ ಕಡಿಯುವವರ ಹೆಗಲ ಮೇಲಿನ ಕೊಡಲಿಗಳಲ್ಲಿ ಅರ್ಧಕ್ಕರ್ಧ ಅವರ ಕೈಯವು. ಮುರಿದ ತುಂಡುಗಳನ್ನು ನೋಡಿದ್ದೇ ಅವರ ಮುಖ ಕೆಂಪಾಗುತ್ತದೆ.

"ಗಟ್ಟಿ ಇರ್ಲಿ ಅಂದಿ. ಗಟ್ಟಿ ಮಾಡೇನಿ. ಎರಡ ಸಲ ನೀರ ಕುಡಿಸೇನಿ ಅದಕ್ಕ! ಕೊಡ್ಲಿಗೂ ಒಂದ ಸಲ ಕುಡಸ್ತೇನಿ."

ಕಾದ ಕಬ್ಬಿಣವನ್ನು ತಣ್ಣೀರಿಗೆ ಅದ್ದುವುದಕ್ಕೆ ಕಮ್ಮಾರರು ನೀರು ಕುಡಿಸುವುದು ಎನ್ನುತ್ತಾರೆ. ಕುಡಿದಷ್ಟೂ ಅದು ಗಟ್ಟಿ, ಗಟ್ಟಿಯಾದಷ್ಟೂ ಪೆಡಸು. ಕೊಡಲಿಯ ಬಾಯಿಗೆ ಆ ಗುಣ ಬೇಕು.

"ಕಡಿಯೂ ಗಟ್ಟಿ ಅಲ್ಲ ಕಾಕಾ," ಎನ್ನುತ್ತಾರೆ ಮಿಸ್ತ್ರಿ, ಅಪರಾಧಿಯ ದನಿಯಲ್ಲಿ. "ಏಟ ತಿನ್ನೂ ಗಟ್ಟಿ ಬೇಕಾಗಿತ್ತು."

"ಹಂಗಂತ ಬಾಯಿ ಬಿಟ್ಟ ಹೇಳಬೇಕಿಲ್ಲೋ? ಯಾತಕ್ಕ ಇದು?"

ಆಗ ಮಗಳ ಸುದ್ದಿ ಹೊರಗೆ ಬರುತ್ತದೆ. ಮಿಸ್ತ್ರಿ ಮೊದಲ ಸಲ ಬಂದಾಗ 'ಗಟ್ಟಿ ಇರ್ಲಿ' ಎಂಬ ಎರಡು ಶಬ್ದದ ಹೊರತು ಏನನ್ನೂ ಹೇಳಿರಲಿಲ್ಲವಂತೆ. ಹೇಳಿದರೆ ಎಲ್ಲಿ ಕೆಟ್ಟದ್ದಾಗುತ್ತದೋ ಎಂಬ ಭಯ. ಲಗಮಪ್ಪ ತುಂಡುಗಳನ್ನು ಮೂಲೆಗೆ ಒಗೆದು, ತಾವೇ ತಿದಿ ಒತ್ತಲು ಕೂರುತ್ತಾರೆ.

"ಬಾಣಂತನದ ಗಾಡಿ ಅಂದ್ರ ನೀರ ಯಾಕ, ಎಣ್ಣೀನ ಬೇಕು. ಎಣ್ಣಿ ಕುಡದದ್ದು ಬಗ್ಗತೈತಿ, ಮುರಿಯೂದಿಲ್ಲ. ಲಾರಿ ಎಣ್ಣಿ ತರಸು."

ರಸ್ತೆಯಲ್ಲಿ ನಿಂತ ಲಾರಿಯೊಂದರ ಎಂಜಿನ್ನಿನಿಂದ ಇಳಿಸಿದ ಕಪ್ಪು ಎಣ್ಣೆ ಒಂದು ಉದ್ದ ತೊಟ್ಟಿಯಲ್ಲಿ ತುಂಬುತ್ತದೆ. ಬಾಗಿಸಿದ ಪಾಟಾ ಕೆಂಪಗೆ ಕಾಯ್ದು ಅದರಲ್ಲಿ ಮುಳುಗಿದಾಗ ಎದ್ದ ಹೊಗೆಗೆ ನಾನು ಬೀದಿಗೆ ಓಡುತ್ತೇನೆ. ಅವರಿಬ್ಬರೂ ಕದಲುವುದಿಲ್ಲ. ಆಮೇಲೆ ಅದನ್ನು ಮತ್ತೆ ಸಣ್ಣ ಉರಿಯ ಮೇಲೆ ಹಿಡಿದು, ಕಾವು ತಿಳಿಯಲು ಬಿದಿರಿನ ಕಡ್ಡಿಯಿಂದ ಉಜ್ಜುತ್ತ, ಕಡ್ಡಿ ಹೊಗೆಯಾಡಿದ ಕೂಡಲೇ ಲಗಮಪ್ಪ ಹೊರಗೆಳೆದು ಬೂದಿಯಲ್ಲಿ ಹೂಳುತ್ತಾರೆ. ಆರಿದ ಮೇಲೆ ತಟ್ಟಿದರೆ ದನಿ ಬೇರೆ, ತಗ್ಗಿನದು, ಸ್ವಲ್ಪ ಹೊತ್ತು ಉಳಿಯುವಂಥದು.

ಮರುದಿನ ಬೆಳಗ್ಗೆ ಹೊತ್ತು ಹುಟ್ಟುವ ಮೊದಲೇ ಬಂಪರ್ ಕೂತಿದೆ. ನಾಲ್ಕು ಬೋಲ್ಟು, ಪ್ರತಿಯೊಂದನ್ನೂ ಮಿಸ್ತ್ರಿ ಮೂರು ಮೂರು ಸಲ ಬಿಗಿದು ನೋಡಿದ್ದಾರೆ. ಹಿತ್ತಲ ಕೊನೆಯಲ್ಲಿ ಒಂದು ದಪ್ಪ ದಿಮ್ಮಿ ಬಿದ್ದಿದೆ. ಅದಕ್ಕೆ ಗಾಡಿಯನ್ನು ಮೆಲ್ಲಗೆ ತಾಗಿಸಿ ನೋಡಬೇಕು. ಮಿಸ್ತ್ರಿ ಎಂಜಿನ್ನು ಶುರುಮಾಡುವಷ್ಟರಲ್ಲಿ ನಸೀರಾ ಬಂದು ಪಕ್ಕದ ಸೀಟಿನಲ್ಲಿ ಕೂತುಬಿಡುತ್ತಾರೆ. ಮುಂದಿನ ಮಾತು ಮನೆಯ ಉರ್ದುವಿನಲ್ಲಿ ನಡೆಯುತ್ತದೆ. ನನಗೆ ತಿಳಿದದ್ದು 'ನೈ' ಎಂಬ ಒಂದೇ ಶಬ್ದ, ಅದನ್ನು ನಸೀರಾ ನಾಲ್ಕು ಸಲ ಹೇಳುತ್ತಾರೆ. ಇಳಿಯುವುದಿಲ್ಲ.

ಕಾರು ನಡೆಯುವ ಮನುಷ್ಯನ ವೇಗದಲ್ಲಿ ಹೋಗಿ ದಿಮ್ಮಿಗೆ ತಾಗುತ್ತದೆ. ಪಾಟಾ ಎರಡು ಬೆರಳಿನಷ್ಟು ಒಳಕ್ಕೆ ಬಗ್ಗಿ, ಗಾಡಿಯನ್ನು ಮೆತ್ತಗೆ ಹಿಂದಕ್ಕೆ ನೂಕಿ, ಮತ್ತೆ ಮೊದಲಿನಂತಾಗುತ್ತದೆ. ನಸೀರಾ ಇಳಿದು ಒಳಗೆ ಹೋಗುತ್ತಾರೆ. ಹೊರಬಂದಾಗ ಕಂಕುಳಲ್ಲಿ ಎರಡು ಕೌದಿ. ಅವನ್ನು ಹಿಂದಿನ ಸೀಟಿನ ಮೇಲೆ ಹಾಸಿ ತಾವೂ ಅಲ್ಲೇ ಕೂತು, "ಹೋಗೂಣು ನಡೀರಿ," ಎನ್ನುತ್ತಾರೆ.

ಹೋಗಲು ಮೂವತ್ತು ಮೈಲಿ ಮೇಲೆ, ಬರಲು ಅಷ್ಟೇ. ತಿರುವುಗಳು ನೂರಾ ಹದಿನಾಲ್ಕು, ಮಿಸ್ತ್ರಿ ಎಣಿಸಿದ್ದಾರೆ. ಬರುವಾಗ ಹಿಂದೆ ಮಗಳು ಮಲಗಿ, ನಸೀರಾ ಮುಂದೆ ಕೂರಬೇಕಾದ್ದರಿಂದ ಗಾಡಿಯಲ್ಲಿ ನನಗೆ ಜಾಗವಿಲ್ಲ. ನಾಲ್ಕಕ್ಕೆ ಬರುತ್ತೇವೆ ಅಂದಿದ್ದರು. ನಾಲ್ಕಾಯಿತು. ನಾಲ್ಕೂವರೆಗೆ ಗಾಳಿ ಎದ್ದು, ಹನಿ ಬೀಳತೊಡಗುತ್ತದೆ. ಪಕ್ಕದ ಮನೆಯ ಮಾಲವ್ವ ಚಹಾ ತಂದಿಟ್ಟು, "ಬರ್ತಾರ ತಗೋರಿ," ಎಂದು ನನಗಿಂತ ಹೆಚ್ಚಾಗಿ ತಮಗೇ ಹೇಳಿಕೊಳ್ಳುತ್ತಾರೆ. ನೂರಾ ಹದಿನಾಲ್ಕರಲ್ಲಿ ಎಷ್ಟು ದಾಟಿರಬಹುದು ಎಂದು ಲೆಕ್ಕ ಹಾಕುತ್ತ ನಾನು ಹಿತ್ತಲಿಗೂ ಬೀದಿಗೂ ನಡೆಯುತ್ತೇನೆ. ನನಗೇನು ಸಂಬಂಧ ಎಂದು ಕೇಳಿಕೊಳ್ಳುತ್ತೇನೆ, ಕಾಲು ಮಾತ್ರ ನಿಲ್ಲುವುದಿಲ್ಲ.

ಆರಕ್ಕೆ ಐದು ನಿಮಿಷವಿದ್ದಾಗ ಕೆಸರು ಮೆತ್ತಿಕೊಂಡ ಆ ಗಾಡಿ ತಿರುವಿನಲ್ಲಿ ಕಾಣುತ್ತದೆ. ಬದರುನ್ನಿಸಾ ತಾಯಿಯ ಸೊಟ್ಟ ಕೈ ಹಿಡಿದು ಇಳಿದು, ಕಣ್ಣುಜ್ಜಿಕೊಳ್ಳುತ್ತ ಒಳಗೆ ಹೋಗುತ್ತಾಳೆ. ನಾನು ಕಾರಿನ ಮುಂದೆ ಹೋಗಿ ನೋಡಿದರೆ ಬಂಪರಿನ ಎಡಕ್ಕೆ ಗೇಣುದ್ದದ ಗೀಟು, ಅದರೊಳಗೆ ಹಸಿ ತೊಗಟೆ ಮೆತ್ತಿದೆ. ಏನಾಯಿತು ಎಂದು ಗಟ್ಟಿಯಾಗಿ ಕೇಳಿಬಿಡುತ್ತೇನೆ. ಮಿಸ್ತ್ರಿ ಗಾಬರಿಯಿಂದ ಬಾಗಿಲ ಕಡೆ ನೋಡಿ, ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆಯುತ್ತಾರೆ.

"ಸಾವಕಾಶ ಮಾತಾಡ್ರಿ. ಎದುರು ಲಾರಿ ಬಂತು, ಸೈಡ್ ಕೊಟ್ಟೆ, ಹಸೀ ಎಲಿ ಮ್ಯಾಲ ಗಾಲಿ ಜಾರಿ ಗಿಡಕ್ಕ ಹೊಡೀತು. ಅಕಿ ಮಲಗಿದ್ಳು. ಎಚ್ಚರ ಆಗ್ಲಿಲ್ರಿ ಸಾಹೇಬ್ರ. ಎಚ್ಚರಾನ ಆಗ್ಲಿಲ್ಲ."

ಅವರ ಕಣ್ಣು ತುಂಬಿವೆ. ನನ್ನವೂ. ನಿಮಗೇನಾದರೂ ಆಸೆಯಿದೆಯೇ, ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದು ಕೇಳುತ್ತೇನೆ. ಗೋಣಿತಾಟನ್ನು ತಂದು ಆ ಗೀಟಿನ ಮೇಲೆ ಹೊದಿಸುತ್ತ ಮಿಸ್ತ್ರಿ ಹೇಳುತ್ತಾರೆ: "ಒಂದ ಐತ್ರಿ. ಇದನ್ನ ಹೆರಿಗಿ ಆದ ಮ್ಯಾಲ ಛಾಪಸ್ರಿ. ಅಂಗಡ್ಯಾಗ ಸಾಮಾನ ಕಟ್ಟೂ ಪೇಪರ್ ಸೈತ ಬಿಡದ ಓದ್ತಾಳ ಅಕಿ. ಸುಮ್ನ ಅಂಜತಾಳ."

ಅದಕ್ಕೇ ಈ ಬರಹ ಇಪ್ಪತ್ತು ದಿನ ನನ್ನ ಟ್ರಂಕಿನಲ್ಲಿತ್ತು. ದಿನಾ ಅಂಚೆಯವನ ದಾರಿ ಕಾಯ್ದೆ. ಮೊನ್ನೆ ದಾಂಡೇಲಿಯ ಮುದ್ರೆಯಿದ್ದ ಒಂದು ಕಾರ್ಡು ಬಂತು, ಮೂಲೆಯಲ್ಲಿ ಎಣ್ಣೆಯ ಹೆಬ್ಬೆರಳಿನ ಗುರುತು. ನಡುವೆ ದೊಡ್ಡ ಅಕ್ಷರದಲ್ಲಿ ಒಂದೇ ಸಾಲು:

"ಈಗ ಛಾಪಸ್ರಿ."