ಚಿಕ್ಕವ್ವನ ಕೈಗುಣ

ಮಜ್ಜಿಗೆ ಮೆಣಸಿನಕಾಯಿ ಎಣ್ಣೆಗೆ ಬಿದ್ದ ಘಾಟು ಮೂಗಿಗೆ ಬಡಿದರೆ ಸಾಕು, ಬ್ಯಾಡಗಿಯ ನಮ್ಮ ಹಳೆಯ ಮನೆಯ ಹಿತ್ತಲು ಕಣ್ಣಮುಂದೆ ಬರುತ್ತದೆ, ಬೆನ್ನಿಗೇ ಸಿಟ್ಟೂ ಬರುತ್ತದೆ. ಆ ಮನೆ ಈಗಿಲ್ಲ. ಅಲ್ಲೊಂದು ಗೋದಾಮು ಎದ್ದಿದೆ. ಬೇಸಿಗೆ ಬಂತೆಂದರೆ ಅಜ್ಜಿ ಹಸಿಮೆಣಸಿನಕಾಯಿ ಸೀಳಿ, ಉಪ್ಪು ಸುರಿದ ಹುಳಿಮಜ್ಜಿಗೆಯಲ್ಲಿ ನೆನೆಹಾಕಿ, ಹಗಲು ಚಾಪೆಯ ಮೇಲೆ ಒಣಗಿಸುತ್ತಿದ್ದಳು. ಪಕ್ಕದಲ್ಲೇ ತೂತಿಲ್ಲದ ಎಣ್ಣೆ ಡಬ್ಬಿಯಲ್ಲಿ ಕರಿಬೇವಿನ ಸಸಿ. ಹೊಸದಾಗಿ ಮದುವೆಯಾಗಿ ಬಂದ ಚಿಕ್ಕವ್ವ ಗುತ್ತಲದ ತವರಿನಿಂದ ತಂದು ನೆಟ್ಟದ್ದು. ಕರಿಬೇವಿಗೆ ಮಜ್ಜಿಗೆ ಹಾಕಿದರೆ ಚೆನ್ನಾಗಿ ಚಿಗುರುತ್ತದೆಂದು ಊರಿಗೆಲ್ಲ ಗೊತ್ತು. ಮೆಣಸಿನಕಾಯಿ ನೆನೆದು ಉಳಿದ ಉಪ್ಪುಮಜ್ಜಿಗೆಯನ್ನು ಚೆಲ್ಲಲು ಮನಸ್ಸಾಗದೆ ಅಜ್ಜಿ, ಪ್ರೀತಿಯಿಂದಲೇ, ಅದರ ಬುಡಕ್ಕೆ ಸುರಿಯುತ್ತಿದ್ದಳು.

ಸಸಿ ಬಾಡಿತು. ಮಣ್ಣು ಒದ್ದೆ, ಎಲೆಗಳು ಮಾತ್ರ ಜೋತುಬಿದ್ದವು. "ದಿನಾ ನೀರ ಹಾಕೀನ್ರಿ ಅತ್ತಿ, ಮುಟ್ಟಿ ನೋಡ್ರಿ," ಎಂದು ಚಿಕ್ಕವ್ವ ಅಂಗಲಾಚಿದಳು. ಅಜ್ಜಿ ಮುಟ್ಟಿ ನೋಡಿದಳು. "ನೀರ ಇದ್ರೂ ಒಣಗತೈತಿ ಅಂದ್ರ ನಿನ್ನ ಕೈಗುಣಾನ ಸರಿ ಇಲ್ಲ ಬಿಡವಾ," ಎಂದಳು. ಆಮೇಲೆ ಉಪ್ಪಿನಕಾಯಿ ಹಾಕುವಾಗಲೂ ಹಾಲಿಗೆ ಹೆಪ್ಪು ಹಾಕುವಾಗಲೂ ಚಿಕ್ಕವ್ವನನ್ನು ದೂರವೇ ಇಟ್ಟರು. ಅವಳು ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ರಾಣೆಬೆನ್ನೂರಿನ ಕಾಲೇಜಿನಲ್ಲಿ ಜೀವಕೋಶದ ಪೊರೆಯ ಪಾಠ ಬಂದಾಗ ಉಪ್ಪು ನೀರನ್ನು ಎಳೆಯುತ್ತದೆ ಎಂದು ಬರೆಸಿದರು. "ಹೆಂಗ ಎಳೀತೈತ್ರಿ ಸರ್?" ಅಂದೆ. "ಪರೀಕ್ಷಾಕ್ಕ ಇಷ್ಟ ಸಾಕು, ಕುಂದ್ರು," ಅಂದರು. ಕುಳಿತೆ, ಬಾಯಿಪಾಠ ಮಾಡಿದೆ, ಪಾಸಾದೆ. ಕಳೆದ ವರ್ಷ ಮಗಳಿಗೆ ಅದೇ ಪಾಠ ಹೇಳಿಕೊಡಲು ಕೂತಾಗಲೇ ನನ್ನ ತಲೆಗೆ ಹೋದದ್ದು. ಉಪ್ಪು ಏನನ್ನೂ ಎಳೆಯುವುದಿಲ್ಲ. ಬೇರಿನ ತೆಳುಪೊರೆಯಲ್ಲಿ ನೀರು ಎರಡೂ ಕಡೆಗೆ ಹಾಯುತ್ತಲೇ ಇರುತ್ತದೆ, ಉಪ್ಪಿಗೆ ಆ ದಾರಿ ಸುಲಭವಲ್ಲ. ಹೊರಗೆ ಉಪ್ಪು ಹೆಚ್ಚಾದರೆ ಅಲ್ಲಿಂದ ಒಳಬರುವ ನೀರು ಕಡಿಮೆಯಾಗುತ್ತದೆ. ಒಳಗಿನದು ಹೊರಗೆ ಹೋಗುತ್ತಲೇ ಇರುತ್ತದೆ. ಹೋದಷ್ಟು ಮರಳುವುದಿಲ್ಲ, ಅಷ್ಟೇ. ಒದ್ದೆ ಮಣ್ಣಿನಲ್ಲಿ ನಿಂತೇ ಗಿಡ ಒಣಗುತ್ತದೆ. ಇಷ್ಟು ಮಾತನ್ನು ಅಂದೇ ಬಿಡಿಸಿ ಹೇಳಲು ಏನಾಗಿತ್ತು? ಆಗ ಅಜ್ಜಿ ಬದುಕಿದ್ದಳು. ಅವಳ ಬಾಯಿಂದಲೇ ಕೈಗುಣದ ಆ ಮಾತು ವಾಪಸು ಪಡೆಯಬಹುದಿತ್ತು.

ಈಗ ಹಾವೇರಿಯಲ್ಲಿರುವ ಚಿಕ್ಕವ್ವನ ಮನೆಗೆ ಹೋಗಿ ಎಲ್ಲ ಹೇಳಿದೆ. ತಪ್ಪು ನಿನ್ನ ಕೈಯದಲ್ಲ ಎಂದೆ. ಅವಳು ಬಹಳ ಹೊತ್ತು ಅಂಗೈ ನೋಡಿಕೊಂಡಳು.

"ಅತ್ತಿ ಅಂದದ್ದು ಖರೇ ಅಂತನ ತಿಳಿದಿದ್ದೆ ತಮ್ಮಾ. ಆಮ್ಯಾಲೆ ನಾ ಒಂದು ಗಿಡಾನೂ ಹಚ್ಚಲಿಲ್ಲ."

ಅವಳ ಮನೆಯ ಹಿಂದೆ ಒಳ್ಳೆಯ ಎರೆಮಣ್ಣಿನ ಜಾಗ ಬರಿದೇ ಬಿದ್ದಿತ್ತು.